ಹಾಲುಹಲ್ಲು ತೋರಿಸಿದ ದಾರಿ: ಕ್ಯೂ ತಂದೆವಂಶದ ಕಥೆ

[ತೆರೆಯ ಮೇಲೆ: ಹಿಮ ಕವಿದ ನದಿದಂಡೆ, ಅಂಗೈಯಲ್ಲಿ ಎರಡು ಪುಟ್ಟ ಹಲ್ಲು]

ಸೈಬೀರಿಯಾದ ಉತ್ತರ ತುದಿ, ಯಾನಾ ನದಿ. ಅಲ್ಲಿ ಇಬ್ಬರು ಹುಡುಗರ ಎರಡು ಹಾಲುಹಲ್ಲು ಸಿಕ್ಕವು. ಸುಮಾರು 31,600 ವರ್ಷ ಹಳೆಯವು! 2019ರಲ್ಲಿ ಪ್ರಕಟವಾದ ಡಿಎನ್‌ಎ ವಿವರ ನೋಡಿದರೆ ಇಬ್ಬರದ್ದೂ ಒಂದೇ ತಂದೆವಂಶ. ಹೆಸರು ಪಿ.

ತಂದೆವಂಶ ಗೊತ್ತಾಗುವುದು ವೈ ಕ್ರೋಮೋಸೋಮಿನಿಂದ. ಅದು ಅಪ್ಪನಿಂದ ಮಗನಿಗೆ ಹೆಚ್ಚುಕಡಿಮೆ ಇದ್ದ ಹಾಗೇ ಇಳಿಯುತ್ತದೆ. ಅದರ ಡಿಎನ್‌ಎ ಬರಹದಲ್ಲಿ ಅಪರೂಪಕ್ಕೆ ಒಂದಕ್ಷರ ತಪ್ಪುತ್ತದೆ. ಒಬ್ಬ ಲಿಪಿಕಾರ ಮಾಡಿದ ತಪ್ಪನ್ನು ಮುಂದಿನವರೆಲ್ಲ ತಿದ್ದದೆ ನಕಲು ಮಾಡುತ್ತಾ ಹೋದ ಹಾಗೆ, ಆ ತಪ್ಪು ವಂಶದ ಗುರುತಾಗಿ ಉಳಿಯುತ್ತದೆ.

ಪಿ ಬುಡದಿಂದ ಒಡೆದ ಕೊಂಬೆಗಳಲ್ಲಿ ಎರಡು ಬಹಳ ಹಬ್ಬಿದವು: ಕ್ಯೂ ಮತ್ತು ಆರ್. ಬೈಕಲ್ ಸರೋವರದ ಬಳಿ ಮಾಲ್ಟಾದಲ್ಲಿ 24,000 ವರ್ಷದ ಹಿಂದೆ ತೀರಿಕೊಂಡ ಪುಟ್ಟ ಹುಡುಗ ಆರ್ ಕೊಂಬೆಯವನು. ಇವತ್ತು ಯುರೋಪು, ಭಾರತದ ಕೋಟ್ಯಂತರ ಗಂಡಸರಿಗೆ ಅವನು ದಾಯಾದಿ.

[ನಕ್ಷೆ: ಬೆರಿಂಗ್ ಜಲಸಂಧಿ, ನೀರು ಇಳಿದು ನೆಲ ಮೇಲೇಳುತ್ತದೆ]

ಕ್ಯೂ ಕಥೆ ಬೇರೆ. ಹಿಮಯುಗದಲ್ಲಿ ಸಮುದ್ರಮಟ್ಟ ಸುಮಾರು 120 ಮೀಟರ್ ಕೆಳಗಿತ್ತು. ಏಷ್ಯಾಕ್ಕೂ ಅಲಾಸ್ಕಾಕ್ಕೂ ನಡುವೆ ಇದ್ದದ್ದು ನೆಲ. ಕ್ಯೂ ವಂಶದ ಒಂದು ಕವಲು ಆ ಕಡೆ ದಾಟಿತು. ಅದರಲ್ಲಿ ಒಬ್ಬನಿಗೆ 'ಸಿ' ಅಕ್ಷರವಿದ್ದ ಜಾಗದಲ್ಲಿ 'ಟಿ' ಬಂತು. ಎಂ3 ಎಂಬ ಈ ಗುರುತು ಉತ್ತರ, ದಕ್ಷಿಣ ಅಮೆರಿಕಗಳ ಮೂಲನಿವಾಸಿ ಗಂಡಸರಲ್ಲಿ ಇವತ್ತಿಗೂ ಎಲ್ಲಕ್ಕಿಂತ ಹೆಚ್ಚಾಗಿ ಸಿಗುತ್ತದೆ. ಒಂದೇ ಒಂದು ಅಕ್ಷರ, ಎರಡು ಖಂಡ! ದಾಟದೆ ಉಳಿದ ಕವಲುಗಳೂ ಇವೆ: ಯೆನಿಸೇ ನದಿಯ ಕೆಟ್ ಜನರಲ್ಲಿ ಬಹುಪಾಲು ಗಂಡಸರು ಕ್ಯೂ ವಂಶದವರೇ.

ಇಲ್ಲೊಂದು ಮಾತು ಹೇಳಲೇಬೇಕು. ಹತ್ತು ತಲೆಮಾರು ಹಿಂದಕ್ಕೆ ಹೋದರೆ ಆ ಹತ್ತನೇ ತಲೆಮಾರಿನಲ್ಲೇ ನಮಗೆ 1,024 ಹಿರಿಯರ ಸ್ಥಾನ. ವೈ ಹೇಳುವುದು ಅವರಲ್ಲಿ ಒಬ್ಬನ ಕಥೆ. ಅದನ್ನು ಹಿಡಿದು ಜನಾಂಗ, ಮೇಲುಕೀಳು ಅಂತ ಹೊರಡುವುದು ತಪ್ಪು.

[ಚಿತ್ರ: ಕೆಂಪು ಕಾವಿಮಣ್ಣು, ಕಲ್ಲಿನ ಮೊನೆಗಳು]

1968, ಅಮೆರಿಕದ ಮೊಂಟಾನಾ. ಮಣ್ಣಿನಡಿ ನೂರಕ್ಕೂ ಹೆಚ್ಚು ಕಲ್ಲು, ಮೂಳೆಯ ಸಲಕರಣೆ. ಜೊತೆಗೆ ಕೆಂಪು ಕಾವಿ ಮೆತ್ತಿದ ಮಗುವಿನ ಮೂಳೆ. ಎರಡು ವರ್ಷವೂ ತುಂಬದ ಗಂಡುಮಗು, 12,500 ವರ್ಷಕ್ಕೂ ಹಿಂದಿನದು. ಕ್ಯೂ ವಂಶವೇ, ಆದರೆ ಎಂ3 ಇಲ್ಲದ ಇನ್ನೊಂದು ಕವಲು.

ಯಾನಾ, ಮಾಲ್ಟಾ, ಮೊಂಟಾನಾ. ಮಾಲ್ಟಾ, ಮೊಂಟಾನಾದ ಮಕ್ಕಳಂತೂ ಅಪ್ಪನಾಗುವಷ್ಟು ಬದುಕಲಿಲ್ಲ. ತಂದೆವಂಶದ ದಾರಿ ತೋರಿಸಿದವರು ಈ ಹುಡುಗರೇ.

ಮೊಂಟಾನಾದ ಮಗುವನ್ನು 2014ರಲ್ಲಿ ಮೂಲನಿವಾಸಿ ಸಮುದಾಯದವರು ಸೇರಿ, ಸಿಕ್ಕ ಜಾಗದ ಹತ್ತಿರವೇ ಮತ್ತೆ ಮಣ್ಣು ಮಾಡಿದರು.