ಶರಾವತಿ ಹಿನ್ನೀರಲ್ಲಿ ಟೆಲಿಸ್ಕೋಪ್ ತೇಲಿಬಿಟ್ಟಿದ್ದು ಯಾಕೆ?

ನಮಸ್ಕಾರ. ಟೆಲಿಸ್ಕೋಪ್ ಅಂದರೆ ಬೆಟ್ಟದ ತುದಿ, ಮರುಭೂಮಿ, ಇಲ್ಲಾ ಸೀದಾ ಬಾಹ್ಯಾಕಾಶ. ಅಲ್ವಾ? ಆದರೆ 2020ರಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯವರು ತಮ್ಮ ರೇಡಿಯೋ ಟೆಲಿಸ್ಕೋಪನ್ನು ತೆಪ್ಪದ ಮೇಲಿಟ್ಟು ನೀರಿಗೆ ಬಿಟ್ಟರು. ದಂಡಿಗಾನಹಳ್ಳಿ ಕೆರೆಯಲ್ಲಿ ಒಮ್ಮೆ, ಶರಾವತಿ ಹಿನ್ನೀರಲ್ಲಿ ಇನ್ನೊಮ್ಮೆ. ಹೆಸರು ಸರಸ್-3. ಯಾರಿಗೆ ಹೇಳಿದರೂ ಮೊದಲು ಕೇಳುವುದು ಒಂದೇ: ನೀರಿನ ಮೇಲೆ ಯಾಕೆ?

ಬೇಸಿಕ್ಸ್ ಬೇಗ ಮುಗಿಸುತ್ತೇನೆ. ಬಿಗ್ ಬ್ಯಾಂಗ್ ಆಗಿ ಸುಮಾರು 3.8 ಲಕ್ಷ ವರ್ಷಕ್ಕೆ ಹೊರಟ ಬೆಳಕು ಇವತ್ತಿಗೂ ಎಲ್ಲ ದಿಕ್ಕಿನಿಂದ ಬರುತ್ತಿದೆ. ವಿಶ್ವ ಹಿಗ್ಗಿದಂತೆ ಅದರ ಅಲೆಯೂ ಹಿಗ್ಗಿ ಮೈಕ್ರೋವೇವ್ ಆಗಿದೆ, ತಾಪ ಬರೀ 2.7 ಕೆಲ್ವಿನ್, ಅಂದರೆ ಸುಮಾರು ಮೈನಸ್ 270 ಡಿಗ್ರಿ ಸೆಲ್ಸಿಯಸ್. 1964ರಲ್ಲಿ ಅಮೆರಿಕದ ವಿಜ್ಞಾನಿಗಳಾದ ಪೆಂಜಿಯಾಸ್ ಮತ್ತು ವಿಲ್ಸನ್ ಕೈಗೆ ಸಿಕ್ಕಿತು.

ಈ ಬೆಳಕು ಬರುವ ದಾರಿಯಲ್ಲಿ ತಣ್ಣಗಿನ ಹೈಡ್ರೋಜನ್ ಅಡ್ಡ ಸಿಕ್ಕಿತು. ಮೊದಲ ನಕ್ಷತ್ರಗಳು ಹೊತ್ತಿಕೊಂಡ ಕಾಲದಲ್ಲಿ ಆ ಅನಿಲ 21 ಸೆಂಟಿಮೀಟರ್ ಅಲೆಯಲ್ಲಿ ಸ್ವಲ್ಪ ಬೆಳಕು ಹೀರಿಕೊಂಡಿರಬೇಕು. ಹಿಗ್ಗಿ ಹಿಗ್ಗಿ ನಮ್ಮನ್ನು ಮುಟ್ಟುವ ಹೊತ್ತಿಗೆ ಆ ಅಲೆ ಎಫ್‌ಎಂ ರೇಡಿಯೋ ಪಕ್ಕಕ್ಕೆ ಬಂದು ನಿಂತಿರುತ್ತದೆ. ಅಲೆಗಳ ಬಲದ ಗ್ರಾಫ್ ಬರೆದರೆ ಅಲ್ಲೊಂದು ತಗ್ಗು ಕಾಣಬೇಕು.

2018ರಲ್ಲಿ ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಆಂಟೆನಾ ಇಟ್ಟಿದ್ದ ಎಡ್ಜಸ್ ತಂಡ "ತಗ್ಗು ಸಿಕ್ಕಿದೆ" ಅಂದಿತು. 78 ಮೆಗಾಹರ್ಟ್ಸ್, ಆಳ ಅರ್ಧ ಕೆಲ್ವಿನ್ (ಇಲ್ಲಿ ರೇಡಿಯೋ ಅಲೆಯ ಬಲವನ್ನೂ ತಾಪದ ಲೆಕ್ಕದಲ್ಲೇ ಹೇಳುತ್ತಾರೆ). ಲೆಕ್ಕ ಹೇಳಿದ್ದಕ್ಕಿಂತ ಎರಡು ಪಟ್ಟಿಗೂ ಜಾಸ್ತಿ! ಡಾರ್ಕ್ ಮ್ಯಾಟರ್, ಅಂದರೆ ಕಣ್ಣಿಗೆ ಕಾಣದ ದ್ರವ್ಯ, ಆ ಅನಿಲವನ್ನು ಇನ್ನಷ್ಟು ತಣ್ಣಗೆ ಮಾಡಿತೇ ಅಂತ ಪ್ರಬಂಧದ ಮೇಲೆ ಪ್ರಬಂಧ ಬಂದವು. ತಗ್ಗು ನಿಜವೋ ಅಲ್ಲವೋ ನೋಡೋಣ ಅಂತ ಹೊರಟವರೇ ನಮ್ಮ ತೆಪ್ಪದವರು.

ಈಗ ನನಗೆ ಇಷ್ಟವಾದ ಭಾಗ. ಈ ಅಲೆಗಳಲ್ಲಿ ನಮ್ಮ ಗ್ಯಾಲಕ್ಸಿಯದ್ದೇ ಗದ್ದಲ ಸಾವಿರ ಕೆಲ್ವಿನ್ ದಾಟುತ್ತದೆ. ಅದರೊಳಗೆ ಅರ್ಧ ಕೆಲ್ವಿನ್ ಹುಡುಕುವುದು ಅಂದರೆ ಮದುವೆ ಮನೆಯ ವಾಲಗದ ನಡುವೆ ಸೊಳ್ಳೆಯ ಗುಂಯ್ ಕೇಳಿಸಿಕೊಂಡ ಹಾಗೆ. ಇಷ್ಟು ಸಾಲದು ಅಂತ ನೆಲವೂ ಆಟ ಆಡುತ್ತದೆ. ಆಂಟೆನಾ ಕೆಳಗಿನ ಮಣ್ಣಿಗೂ ಬಿಸಿ ಇದೆ, ಅದೂ ರೇಡಿಯೋ ಅಲೆ ಸೂಸುತ್ತದೆ. ಮೇಲೆ ಒಣಮಣ್ಣು, ಕೆಳಗೆ ಒದ್ದೆ, ಅದರ ಕೆಳಗೆ ಬಂಡೆ. ಒಂದೊಂದು ಪದರವೂ ಅಲೆಯನ್ನು ಒಂದಿಷ್ಟು ವಾಪಸ್ ಕಳಿಸುತ್ತದೆ. ಈ ಮಾರುದನಿಗಳು ಸೇರಿ ಗ್ರಾಫಿನಲ್ಲಿ ಏರಿಳಿತ ಹುಟ್ಟಿಸುತ್ತವೆ. ಆ ಇಳಿತ, ನಾವು ಹುಡುಕುತ್ತಿರುವ ತಗ್ಗಿನ ಥರವೇ ಕಾಣಬಹುದು!

ನೀರಿನಲ್ಲಿ ಈ ಪದರಗಳ ರಗಳೆ ಇಲ್ಲ. ಎಲ್ಲ ಕಡೆ ಒಂದೇ ಗುಣ, ಲೆಕ್ಕ ಹಾಕುವುದು ಸುಲಭ. ಹಾಗಾಗಿ ತೆಪ್ಪ. ಅದರ ಮೇಲೆ ಲೋಹದ ತಟ್ಟೆ, ತಟ್ಟೆಯ ನಡುವೆ ಚೂಪು ತುದಿ ಕೆಳಗಾಗಿ ನಿಂತ ಶಂಕು. ಆಂಟೆನಾ ಅಂದರೆ ಇಷ್ಟೇ. ಕೋಟ್ಯಂತರ ಖರ್ಚಿನ ಉಪಗ್ರಹಗಳ ಕಾಲದಲ್ಲಿ ಈ ಉಪಾಯ ನನಗಂತೂ ಭಾರಿ ಹಿಡಿಸಿತು.

ಸಮಯ ಆಗುತ್ತಿದೆ, ಫಲಿತಾಂಶಕ್ಕೆ ಬರೋಣ. 2022ರಲ್ಲಿ ನೇಚರ್ ಅಸ್ಟ್ರಾನಮಿ ಅನ್ನುವ ವಿಜ್ಞಾನ ಪತ್ರಿಕೆಯಲ್ಲಿ ಪ್ರಕಟವಾಯಿತು: ಎಡ್ಜಸ್ ಹೇಳಿದ ತಗ್ಗು ಇಲ್ಲಿ ಕಾಣಲಿಲ್ಲ, 95.3% ಖಾತರಿಯೊಂದಿಗೆ. ಭೌತಶಾಸ್ತ್ರದಲ್ಲಿ ಇದು ಕೊನೆಯ ಮಾತಲ್ಲ. ಇದರರ್ಥ ಮೊದಲ ನಕ್ಷತ್ರಗಳೇ ಇರಲಿಲ್ಲ ಅಂತಲೂ ಅಲ್ಲ. ಲೆಕ್ಕ ಹೇಳುವ ಆ ಸಣ್ಣ ತಗ್ಗನ್ನು ಇನ್ನೂ ಹಿಡಿಯಬೇಕು, ಅಷ್ಟೇ. ಅದಕ್ಕೆ ಇದೇ ಸಂಸ್ಥೆಯವರು ಪ್ರತುಷ್ ಅನ್ನುವ ಯೋಜನೆ ಹಾಕಿದ್ದಾರೆ, ಚಂದ್ರನ ಸುತ್ತ ಸುತ್ತುವ ಆಂಟೆನಾ. ಚಂದ್ರನ ಹಿಂಬದಿಗೆ ಭೂಮಿಯ ಎಫ್‌ಎಂ ತಲುಪುವುದಿಲ್ಲ, ಕಕ್ಷೆಯಲ್ಲಿ ಕಾಲ ಕೆಳಗೆ ಮಣ್ಣೂ ಇರುವುದಿಲ್ಲ. ಅದರ ವಿಡಿಯೋ ಬೇರೆ ಮಾಡುತ್ತೇನೆ.