ಬ್ರೌಸರಿನಲ್ಲಿ ಸರಿ, ಫೋನಿನಲ್ಲಿ ಯಾಕಿಲ್ಲ?

ಎಲ್ಲರಿಗೂ ನಮಸ್ಕಾರ.

ನಿಮ್ಮ ಪ್ರಾಜೆಕ್ಟಿನಲ್ಲಿ ನೋಡ್‌ನಲ್ಲಿ ಬರೆದ ಸರ್ವರ್, ರಿಯಾಕ್ಟ್‌ನ ವೆಬ್ ಪುಟ, ರಿಯಾಕ್ಟ್ ನೇಟಿವ್‌ನ ಮೊಬೈಲ್ ಆ್ಯಪ್ ಇವೆ ಅಂತ ಇಟ್ಟುಕೊಳ್ಳಿ. ಹಿಂದೆ ಪೋಸ್ಟ್‌ಗ್ರೆಸ್ ಡೇಟಾಬೇಸ್. ಎಲ್ಲವೂ ನಿಮ್ಮ ಲ್ಯಾಪ್‌ಟಾಪಿನಲ್ಲೇ ಓಡಬೇಕು. ನೋಡ್, ಗಿಟ್ ಹಾಕಿಕೊಳ್ಳುವುದು ಇಲ್ಲಿ ಯಾರಿಗೂ ಹೊಸದಲ್ಲ, ಬಿಡಿ. ಡೇಟಾಬೇಸನ್ನು ಮಾತ್ರ ಡಾಕರ್ ಕಂಪೋಸ್‌ನಲ್ಲಿ ಇಡಿ; ಫೈಲಿನಲ್ಲಿ ಬರೆದ ಆವೃತ್ತಿಯನ್ನೇ ಅದು ಕಂಟೇನರ್ ಎಂಬ ಪ್ರತ್ಯೇಕ ಡಬ್ಬಿಯೊಳಗೆ ಓಡಿಸುತ್ತದೆ. ಒಬ್ಬರದು ಪೋಸ್ಟ್‌ಗ್ರೆಸ್ 14, ಇನ್ನೊಬ್ಬರದು 16 ಅನ್ನುವ ರಗಳೆ ತಪ್ಪುತ್ತದೆ. ಡೇಟಾ ಉಳಿಯುವ ಜಾಗವಾದ ವಾಲ್ಯೂಮಿಗೆ ಒಂದು ಹೆಸರು ಕೊಡಿ. ಇಲ್ಲದಿದ್ದರೆ ಕಂಟೇನರ್ ತೆಗೆದು ಮತ್ತೆ ಎಬ್ಬಿಸಿದಾಗ ಟೇಬಲ್‌ಗಳೇ ಇರುವುದಿಲ್ಲ.

ನಿಜವಾದ ತಲೆನೋವು ವಿಳಾಸದ್ದು. ವೆಬ್ ಪುಟ ಲೋಕಲ್‌ಹೋಸ್ಟ್:3000 ಅನ್ನು, ಅಂದರೆ ಇದೇ ಯಂತ್ರದ 3000ನೇ ಪೋರ್ಟನ್ನು, ಕೇಳುತ್ತದೆ, ಉತ್ತರ ಬರುತ್ತದೆ. ಅದೇ ವಿಳಾಸವನ್ನು ಮೊಬೈಲ್ ಆ್ಯಪ್‌ನಲ್ಲಿ ಹಾಕಿದರೆ ‘ನೆಟ್‌ವರ್ಕ್ ರಿಕ್ವೆಸ್ಟ್ ಫೇಲ್ಡ್’. ಸರ್ವರಿನ ಲಾಗ್ ನೋಡಿದರೆ ಒಂದು ಸಾಲೂ ಇಲ್ಲ. ಆ ಖಾಲಿ ಲಾಗೇ ಸುಳಿವು. ರಿಕ್ವೆಸ್ಟ್ ಸರ್ವರಿನ ಬಾಗಿಲಿಗೇ ಬಂದಿಲ್ಲ. ಫೋನಿಗೆ ಲೋಕಲ್‌ಹೋಸ್ಟ್ ಅಂದರೆ ಫೋನೇ, ಅಲ್ವಾ? ಪಾಪ, ಅದು ತನ್ನೊಳಗೇ ಸರ್ವರ್ ಹುಡುಕುತ್ತದೆ. ಇಲ್ಲಿ ಕೆಲವರು ಸುಮ್ನೆ ಕಾರ್ಸ್ ಸೆಟ್ಟಿಂಗ್ ಹಿಂದೆ ಬೀಳುತ್ತಾರೆ. ಒಂದು ತಾಣದ ಪುಟ ಇನ್ನೊಂದರ ಉತ್ತರ ಓದಬಹುದೇ ಅಂತ ನೋಡುವ ಕಾರ್ಸ್, ಬ್ರೌಸರಿನ ಕಾವಲು; ನೇಟಿವ್ ಆ್ಯಪಿಗೆ ಅದರ ಹಂಗಿಲ್ಲ.

ಲ್ಯಾಪ್‌ಟಾಪಿನಲ್ಲೇ ಓಡುವ ನಕಲಿ ಫೋನಾದ ಆಂಡ್ರಾಯ್ಡ್ ಎಮ್ಯುಲೇಟರ್ ಕೂಡ ಬೇರೆ ಯಂತ್ರದ ಲೆಕ್ಕವೇ. ಅದರೊಳಗಿಂದ ಲ್ಯಾಪ್‌ಟಾಪ್ ತಲುಪಲು 10.0.2.2 ಅಂತ ಹಾಕಬೇಕು. ಐಒಎಸ್ ಸಿಮ್ಯುಲೇಟರ್ ಮ್ಯಾಕ್‌ನ ನೆಟ್‌ವರ್ಕನ್ನೇ ಬಳಸುತ್ತದೆ, ಹಾಗಾಗಿ ಲೋಕಲ್‌ಹೋಸ್ಟ್ ನಡೆಯುತ್ತದೆ. ‘ನನ್ನ ಮ್ಯಾಕಿನಲ್ಲಿ ಸರಿಯಿದೆಯಲ್ಲ’ ಅನ್ನುವ ಜಗಳ ಹುಟ್ಟುವುದು ಇಲ್ಲೇ.

ಕೈಯಲ್ಲಿರುವ ಫೋನಿನಲ್ಲಿ ನೋಡಬೇಕಾದರೆ ಫೋನು, ಲ್ಯಾಪ್‌ಟಾಪು ಒಂದೇ ವೈಫೈನಲ್ಲಿರಬೇಕು. ಲ್ಯಾಪ್‌ಟಾಪಿನ ಐಪಿ ಕೊಡಬೇಕು. ಸರ್ವರ್ 127.0.0.1ಕ್ಕೆ, ಅಂದರೆ ತನ್ನ ಯಂತ್ರಕ್ಕೆ ಮಾತ್ರ, ಅಂಟಿಕೊಂಡಿದ್ದರೆ ಅದನ್ನು ಹೊರಗಿನವರಿಗೂ ಕಿವಿಗೊಡುವ 0.0.0.0ಗೆ ಬದಲಿಸಬೇಕು. ಇಷ್ಟಾದರೂ ವಿಂಡೋಸ್ ಫೈರ್‌ವಾಲ್ ಅಡ್ಡ ನಿಲ್ಲಬಹುದು. ಕೆಲವು ಹಾಸ್ಟೆಲ್, ಆಫೀಸ್ ವೈಫೈಗಳಂತೂ ಒಂದು ಸಾಧನ ಇನ್ನೊಂದನ್ನು ನೋಡಲು ಬಿಡುವುದೇ ಇಲ್ಲ.

ಆಂಡ್ರಾಯ್ಡ್ ಆದರೆ ನಾನು ಯುಎಸ್‌ಬಿ ಕೇಬಲ್ ಪಕ್ಷ. ಫೋನಿನಲ್ಲಿ ಯುಎಸ್‌ಬಿ ಡಿಬಗ್ಗಿಂಗ್ ಆನ್ ಮಾಡಿ, ಟರ್ಮಿನಲ್‌ನಲ್ಲಿ, ಆಂಡ್ರಾಯ್ಡ್ ಫೋನಿನ ಜೊತೆ ಮಾತಾಡುವ ಎಡಿಬಿ ಸಲಕರಣೆಗೆ, ‘ಎಡಿಬಿ ರಿವರ್ಸ್ ಟಿಸಿಪಿ:3000 ಟಿಸಿಪಿ:3000’ ಅಂತ ಕೊಡಿ. ಫೋನ್ ತನ್ನ 3000ನೇ ಪೋರ್ಟನ್ನು ಕೇಳಿದರೆ ಅದು ಕೇಬಲ್ ಹಿಡಿದು ಲ್ಯಾಪ್‌ಟಾಪಿಗೆ ಬರುತ್ತದೆ. ಆಗ ಆ್ಯಪ್‌ನಲ್ಲೂ ಲೋಕಲ್‌ಹೋಸ್ಟ್ ಅಂತಲೇ ಬಿಡಬಹುದು. ಐಪಿ ಬದಲಾದರೂ ಚಿಂತೆಯಿಲ್ಲ. ಕೇಬಲ್ ಕಿತ್ತು ಮತ್ತೆ ಹಾಕಿದರೆ ಮಾತ್ರ ಕಮಾಂಡ್ ಇನ್ನೊಮ್ಮೆ ಕೊಡಬೇಕು.

ವಿಳಾಸವನ್ನು ಕೋಡಿನೊಳಗೆ ಬರೆಯಬೇಡಿ, ಸೆಟ್ಟಿಂಗ್‌ಗಳನ್ನಿಡುವ ಡಾಟ್ ಎನ್ವ್ ಫೈಲಿನಲ್ಲಿಡಿ. ಆದರೆ ರಿಯಾಕ್ಟ್ ನೇಟಿವ್ ಆ್ಯಪ್ ಕಟ್ಟುವ ಸಲಕರಣೆಯಾದ ಎಕ್ಸ್‌ಪೋದಲ್ಲಿ ‘ಎಕ್ಸ್‌ಪೋ ಪಬ್ಲಿಕ್’ ಅಂತ ಶುರುವಾಗುವ ಹೆಸರುಗಳಿಗೆ ಕೊಟ್ಟ ಮೌಲ್ಯ ಆ್ಯಪಿನೊಳಗೇ ಸೇರಿಹೋಗುತ್ತದೆ. ಆಂಡ್ರಾಯ್ಡ್ ಆ್ಯಪಿನ ಫೈಲಾದ ಎಪಿಕೆ ಬಿಚ್ಚಿದವರಿಗೆ ಕಾಣುತ್ತದೆ. ಡೇಟಾಬೇಸ್ ಪಾಸ್‌ವರ್ಡ್ ಸರ್ವರಿನ ಕಡೆಯ ಫೈಲಿನಲ್ಲಿ ಮಾತ್ರ ಇರಲಿ, ಆ ಫೈಲ್ ಗಿಟ್‌ಗೆ ಹೋಗದಿರಲಿ.

ಈಗ ಮಾಡಿ ನೋಡೋಣ. ಕೇಬಲ್ ತಂದವರು ಮುಂದಿನ ಸಾಲಿಗೆ ಬನ್ನಿ.