ಮೋರ್ಯರ ಬೆಟ್ಟಕ್ಕೆ ಒಂದು ಬೆಳಗಿನ ನಡಿಗೆ

ಕೇಳುಗರಿಗೆ ನಮಸ್ಕಾರ. ಬೆಳಗಿನ ಹೊತ್ತು ಸುಡುಗಾಡಿಗೆ ನಡೆದುಕೊಂಡು ಹೋಗಿ ಬನ್ನಿ ಎಂದು ರೇಡಿಯೋದಲ್ಲಿ ಯಾರಾದರೂ ಹೇಳಿದರೆ ನಮ್ಮ ಸೀಮೆಯ ಹಿರಿಯರು ಮೊದಲು ಆ ರೇಡಿಯೋವನ್ನು ಬಂದ್ ಮಾಡುತ್ತಾರೆ, ಆಮೇಲೆ ಹೇಳಿದವನನ್ನು ಬೈಯುತ್ತಾರೆ. ಅದು ಗೊತ್ತಿದ್ದೂ ಇಂದು ನನಗೆ ಸಿಕ್ಕಿರುವ ಹತ್ತು ನಿಮಿಷಗಳಲ್ಲಿ ನಾನು ಹೇಳಬೇಕೆಂದಿರುವುದು ಅದನ್ನೇ. ಕಾಲೇಜಿನಲ್ಲಿ ಇತಿಹಾಸದ ಪಾಠ ಹೇಳಿ ನಿವೃತ್ತನಾದ ನಾನು ಮೂವತ್ತು ವರ್ಷಗಳಿಂದ ಒಂದೇ ಸುಡುಗಾಡಿಗೆ ಮತ್ತೆ ಮತ್ತೆ ಹೋಗುತ್ತಿದ್ದೇನೆ; ಈವರೆಗೆ ಯಾವ ದೆವ್ವವೂ ನನ್ನನ್ನು ಮಾತನಾಡಿಸಿಲ್ಲ.

ಆ ಸುಡುಗಾಡು ಕೊಪ್ಪಳ ಜಿಲ್ಲೆಯಲ್ಲಿ, ಗಂಗಾವತಿಯಿಂದ ಸುಮಾರು 10 ಕಿಲೋಮೀಟರ್ ದೂರದ ಹಿರೇಬೆಣಕಲ್ ಊರಿನ ಬೆನ್ನಿಗಿರುವ ಕಲ್ಲುಗುಡ್ಡಗಳ ಮೇಲಿದೆ. ಊರವರು ಅದನ್ನು ಮೋರ್ಯರ ಬೆಟ್ಟ ಎನ್ನುತ್ತಾರೆ, ಅಲ್ಲಿರುವ ಕಲ್ಲಿನ ಕಟ್ಟಣೆಗಳನ್ನು ಮೋರ್ಯರ ಮನೆಗಳು ಎನ್ನುತ್ತಾರೆ. ನಮ್ಮ ವಿದ್ವಾಂಸರೂ ಸುಮ್ಮನಿರದೆ ಇಂಥ ಕಟ್ಟಣೆಗೆ ಕಲ್ಮನೆ ಎಂದೇ ಹೆಸರಿಟ್ಟು ಗೊಂದಲವನ್ನು ಇನ್ನಷ್ಟು ಹೆಚ್ಚಿಸಿದ್ದಾರೆ. ದಯವಿಟ್ಟು ಗಮನವಿಟ್ಟು ಕೇಳಿ: ಅವು ಮನೆಗಳಲ್ಲ, ಗೋರಿಗಳು. ಕ್ರಿ.ಪೂ. 800ರಿಂದ ಕ್ರಿ.ಪೂ. 200ರವರೆಗಿನ ಕಾಲದಲ್ಲಿ, ಅಂದರೆ ನಮ್ಮ ಜನ ಕಬ್ಬಿಣವನ್ನು ಕಾಯಿಸಿ ಬಡಿಯುವುದನ್ನು ಚೆನ್ನಾಗಿ ಕಲಿತಿದ್ದ ಕಾಲದಲ್ಲಿ, ತಮ್ಮವರು ತೀರಿಕೊಂಡಾಗ ಅವರ ನೆನಪಿಗೆ ಎತ್ತಿ ನಿಲ್ಲಿಸಿದ ಸುಮಾರು 400 ಶಿಲಾಗೋರಿಗಳು ಅಲ್ಲಿವೆ. ಇಷ್ಟು ದೊಡ್ಡ ಸಂಖ್ಯೆಯಲ್ಲಿ, ಇಷ್ಟು ಎತ್ತರದ ಗೋರಿಗಳು ಒಂದೇ ಕಡೆ ನಿಂತಿರುವುದು ದಕ್ಷಿಣ ಭಾರತದಲ್ಲಿ ಬಹಳ ಅಪರೂಪ.

ಗೋರಿ ಎಂದೊಡನೆ ಹಿಂಜರಿಯುವವರಿಗೆ ನಾನು ಒಂದು ಪ್ರಶ್ನೆ ಕೇಳುತ್ತೇನೆ. ಕೊಪ್ಪಳದ ಗವಿಮಠದಲ್ಲಿ ನೀವು ತಲೆಬಾಗಿಸುವ ಗದ್ದುಗೆ ಯಾವುದು? ಆನೆಗೊಂದಿಯ ಬಳಿ ತುಂಗಭದ್ರೆಯ ನಡುಗಡ್ಡೆಗೆ ದೋಣಿಯಲ್ಲಿ ಹೋಗಿ ನೀವು ಪ್ರದಕ್ಷಿಣೆ ಹಾಕುವ ನವವೃಂದಾವನ ಯಾವುದು? ಅದು ಒಂಬತ್ತು ಯತಿಗಳ ಸಮಾಧಿಯಲ್ಲವೇ? ಗುರುವಾರ ದರ್ಗಾಕ್ಕೆ ಸಕ್ಕರೆ ಓದಿಸಲು ಹೋಗುವವರು ಹೋಗುವುದು ಎಲ್ಲಿಗೆ? ಸತ್ತವರ ಬಳಿ ಹೋಗಿ ಕುಳಿತು ಸಮಾಧಾನ ತಂದುಕೊಳ್ಳುವುದು ನಮಗೆ ಹೊಸತಲ್ಲ. ಹಿರೇಬೆಣಕಲ್ಲಿನ ಗೋರಿಗಳಲ್ಲಿ ಇರುವವರ ಹೆಸರು ನಮಗೆ ಗೊತ್ತಿಲ್ಲ ಎಂಬುದಷ್ಟೇ ವ್ಯತ್ಯಾಸ.

ಊರನ್ನು ಬಿಟ್ಟು ಗುಡ್ಡದ ಕಡೆ ತಿರುಗಿದ ಮೇಲೆ ದಾರಿ ಎಂಬುದು ಬಂಡೆಗಳ ನಡುವಿನ ಕಾಲುದಾರಿ ಮಾತ್ರ. ಸೀತಾಫಲ, ಕಾರೆ, ಕವಳೆಯ ಪೊದೆಗಳು ಎರಡೂ ಬದಿಯಲ್ಲಿ ಅಂಗಿಯನ್ನು ಹಿಡಿದೆಳೆಯುತ್ತವೆ. ಬೆಳಗಿನ ಹೊತ್ತು ಹಳದಿ ಕೊರಳಿನ ಪಿಕಳಾರ ಹಕ್ಕಿ ಬಂಡೆಯ ಸಂದಿನಿಂದ ಕೂಗುತ್ತದೆ. ಕಲ್ಲುಗುಡ್ಡಗಳನ್ನು ಬಿಟ್ಟು ಬೇರೆ ಕಡೆ ಸುಲಭವಾಗಿ ಕಾಣದ ಹಕ್ಕಿಯದು. ಅರ್ಧ ದಾರಿಯಲ್ಲಿ ನಿಂತು ಹಿಂದಿರುಗಿ ನೋಡಿದರೆ ಕೆಳಗೆ ಗಂಗಾವತಿ ಸೀಮೆಯ ಭತ್ತದ ಗದ್ದೆಗಳು ಹಸಿರು ಕಂಬಳಿಯಂತೆ ಹಾಸಿಕೊಂಡಿರುತ್ತವೆ. ಆದರೆ ಆ ಹಸಿರಿಗೆ ಮೋಸಹೋಗಬೇಡಿ. ಅದು 1953ರಲ್ಲಿ ತುಂಗಭದ್ರಾ ಅಣೆಕಟ್ಟು ಮುಗಿದು ಕಾಲುವೆಗೆ ನೀರು ಬಂದ ಮೇಲಿನ ಹಸಿರು. ಈ ಗೋರಿಗಳನ್ನು ಕಟ್ಟಿದವರು ಇದೇ ಬಂಡೆಯ ಮೇಲೆ ನಿಂತಾಗ ಕಂಡದ್ದು ಒಣಭೂಮಿಯನ್ನು; ಅವರು ಉಂಡದ್ದು ಹುರುಳಿ, ಹೆಸರು ಮತ್ತು ಕಿರುಧಾನ್ಯಗಳನ್ನು.

ಮೇಲೆ ತಲುಪಿದಾಗ ಮೊದಲು ಸಿಗುವುದು ಮೊಳಕಾಲೆತ್ತರದ ಸಣ್ಣ ಗೋರಿಗಳು. ಇನ್ನಷ್ಟು ನಡೆದರೆ ಆಳೆತ್ತರಕ್ಕೂ ಮೀರಿದ ದೊಡ್ಡವು ಕಾಣುತ್ತವೆ. ಮೂರೋ ನಾಲ್ಕೋ ಚಪ್ಪಡಿಗಳನ್ನು ಗೋಡೆಯಾಗಿ ನಿಲ್ಲಿಸಿ ಮೇಲೊಂದು ಮುಚ್ಚುಗಲ್ಲನ್ನು ಹೊರಿಸಿದ್ದಾರೆ. ಹಲವು ಗೋರಿಗಳ ಒಂದು ಗೋಡೆಯಲ್ಲಿ ದುಂಡನೆಯ ಕಿಂಡಿ ಇರುತ್ತದೆ. ಆ ಕಿಂಡಿಯ ಅಂಚಿನ ಮೇಲೆ ಬೆರಳಾಡಿಸಿ ನೋಡಿ: ಉಳಿ ಮುಟ್ಟಿದ ಸಣ್ಣ ಸಣ್ಣ ತಗ್ಗುಗಳು ಕೈಗೆ ಹತ್ತುತ್ತವೆ. ಗ್ರಾನೈಟ್ ಚಪ್ಪಡಿಯಲ್ಲಿ ಇಷ್ಟು ದುಂಡನೆಯ ಕಿಂಡಿಯನ್ನು, ಚಪ್ಪಡಿ ಸೀಳದ ಹಾಗೆ, ತಾಳ್ಮೆಯಿಂದ ಚುಚ್ಚಿ ಚುಚ್ಚಿ ತೆಗೆದಿದ್ದಾರೆ.

ಇಷ್ಟು ದೊಡ್ಡ ಚಪ್ಪಡಿಗಳನ್ನು ಎಲ್ಲಿಂದ ತಂದರು ಎಂದು ಎಲ್ಲರೂ ಕೇಳುತ್ತಾರೆ. ಎಲ್ಲಿಂದಲೂ ತರಲಿಲ್ಲ. ಕುಷ್ಟಗಿ ಕಡೆಯ ಕ್ವಾರಿಗಳಲ್ಲಿ ಕಲ್ಲು ಒಡೆಯುವವರನ್ನು ಕೇಳಿದರೆ ಬಂಡೆ ಪದರು ಬಿಡುತ್ತದೆ ಎನ್ನುತ್ತಾರೆ. ಈರುಳ್ಳಿಯ ಸಿಪ್ಪೆಯಂತೆ ಬಂಡೆಯ ಮೇಲ್ಮೈ ಹಾಳೆ ಹಾಳೆಯಾಗಿ ಬಿಚ್ಚಿಕೊಳ್ಳುತ್ತದೆ. ಆ ಬಿರುಕನ್ನು ಹುಡುಕಿ, ಸನ್ನೆಗೋಲು ಹಾಕಿ ಎಬ್ಬಿಸಿದರೆ ಚಪ್ಪಡಿ ಸಿದ್ಧ. ಗುಡ್ಡದ ಮೇಲೆ ಒಂದು ಹೊಂಡವಿದೆ, ಅದರಲ್ಲಿ ವರ್ಷವಿಡೀ ನೀರಿರುತ್ತದೆ. ಕಲ್ಲನ್ನು ತೆಗೆದ ಜಾಗವೇ ಹೊಂಡವಾಯಿತು, ಹೊಂಡದ ನೀರು ಕೆಲಸಗಾರರ ಬಾಯಾರಿಕೆಯನ್ನು ಕಳೆಯಿತು.

ಇನ್ನು ಮೋರ್ಯರು ಎಂದರೆ ಯಾರು? ಗಿಡ್ಡ ಜನ, ಮೊಳದುದ್ದದವರು, ಅದಕ್ಕೇ ಇಷ್ಟು ಸಣ್ಣ ಬಾಗಿಲು ಎಂದು ಊರಿನ ಕಥೆ ಹೇಳುತ್ತದೆ. ಮೋರ್ಯ ಎಂದರೆ ಮೌರ್ಯ, ಕೊಪ್ಪಳದಲ್ಲಿ ಗವಿಮಠದ ಬಂಡೆಯ ಮೇಲೆಯೂ ಪಾಲ್ಕಿಗುಂಡಿನಲ್ಲಿಯೂ ಅಶೋಕನ ಶಾಸನಗಳಿವೆಯಲ್ಲ, ಆದ್ದರಿಂದ ಇವು ಅಶೋಕನ ಸೈನಿಕರ ಮನೆಗಳು ಎಂದು ಓದಿದವರು ಹೇಳುತ್ತಾರೆ. ಓದಿದವರ ಕಥೆಗಿಂತ ಊರಿನವರ ಕಥೆಯೇ ನನಗೆ ಮೇಲು, ಏಕೆಂದರೆ ಅದು ತಾನು ಕಥೆ ಎಂಬುದನ್ನು ಮುಚ್ಚಿಡುವುದಿಲ್ಲ. ಅಶೋಕನ ಶಾಸನಗಳು ಕ್ರಿ.ಪೂ. ಮೂರನೆಯ ಶತಮಾನದವು, ಈ ಗುಡ್ಡದಲ್ಲಿ ಜನ ಗೋರಿ ಕಟ್ಟಲು ತೊಡಗಿದ್ದು ಅದಕ್ಕೂ ನೂರಾರು ವರ್ಷ ಮೊದಲು. ಬಾಗಿಲು ಸಣ್ಣದಾಗಿರುವುದಕ್ಕೆ ಕಾರಣ ಅದು ಬಾಗಿಲೇ ಅಲ್ಲದಿರುವುದು. ಅವು ಮನೆಗಳಲ್ಲ, ಗೋರಿಗಳು.

ಈ ಮಾತನ್ನು ನನಗಿಂತ ಚೆನ್ನಾಗಿ ಅರ್ಥಮಾಡಿಕೊಂಡವರು ನನ್ನ ಸೋದರತ್ತೆ. ಆ ಪ್ರಸಂಗವನ್ನು ಹೇಳಲೇಬೇಕು. ಸುಮಾರು ಇಪ್ಪತ್ತು ವರ್ಷಗಳ ಹಿಂದೆ ನಾನು ಬಿ.ಎ. ತರಗತಿಯ ಮಕ್ಕಳನ್ನು ಕರೆದುಕೊಂಡು ಹೊರಟಿದ್ದೆ. ನಮ್ಮ ಮನೆಗೆ ಬಂದಿದ್ದ ಅತ್ತೆಗೆ ಆಗ ಎಪ್ಪತ್ತು ದಾಟಿತ್ತು. ಗುಡ್ಡ ಹತ್ತುತ್ತಾರೆ ಎಂದು ಕೇಳಿದವರೇ ಅಂಜನಾದ್ರಿಗೆ ಹೊರಟಿದ್ದಾರೆ ಎಂದು ತಿಳಿದು, ಸೆರಗಿನಲ್ಲಿ ಎರಡು ತೆಂಗಿನಕಾಯಿ, ಕಂಕುಳಲ್ಲಿ ಬುತ್ತಿಯ ಗಂಟು ಹಿಡಿದು ಜೀಪಿನ ಮುಂದಿನ ಸೀಟಿನಲ್ಲಿ ಕುಳಿತುಬಿಟ್ಟರು. ಇಳಿಸುವ ಧೈರ್ಯ ನನಗೆ ಬರಲಿಲ್ಲ. ಹಿರೇಬೆಣಕಲ್ಲಿನಲ್ಲಿ ಇಳಿದು ಗುಡ್ಡದ ಬುಡಕ್ಕೆ ಬಂದಾಗ "ಮೆಟ್ಟಲ ಎಲ್ಲದಾವೋ ತಮ್ಮಾ" ಎಂದು ಕೇಳಿದರು. ಅಂಜನಾದ್ರಿಗೆ 575 ಮೆಟ್ಟಿಲುಗಳಿವೆ, ಇಲ್ಲಿ ಒಂದೂ ಇಲ್ಲ ಎಂದೆ. "ಹಂಗಾರ ಎಣಸೂ ತ್ರಾಸ ತಪ್ಪಿತು" ಎಂದು ಸೀರೆಯನ್ನು ಎತ್ತಿ ಕಟ್ಟಿ ಹತ್ತಲು ಆರಂಭಿಸಿದರು. ಹುಡುಗರು ಎರಡು ಕಡೆ ಕುಳಿತರು, ಅವರು ಕೂರಲಿಲ್ಲ.

ಮೇಲೆ ಹೋದ ಮೇಲೆ ನಾನು ದೊಡ್ಡ ಗೋರಿಯೊಂದರ ಮುಂದೆ ಮಕ್ಕಳನ್ನು ನಿಲ್ಲಿಸಿ ಉಪನ್ಯಾಸ ಶುರುಮಾಡಿದೆ. ನಮ್ಮ ಸೀಮೆಯ ಹಲವು ಶಿಲಾಗೋರಿಗಳಲ್ಲಿ ದೇಹವನ್ನು ಇಡಿಯಾಗಿ ಹೂಳುತ್ತಿರಲಿಲ್ಲ, ಕೆಲಕಾಲದ ನಂತರ ಎಲುಬುಗಳನ್ನು ಮಾತ್ರ ಆರಿಸಿ ತಂದು ಇಡುತ್ತಿದ್ದರು, ಜೊತೆಗೆ ಕಬ್ಬಿಣದ ಸಾಮಾನು, ಕಪ್ಪು ಮತ್ತು ಕೆಂಪು ಬಣ್ಣದ ಮಡಕೆ ಇಡುತ್ತಿದ್ದರು ಎಂದು ಹೇಳಿದೆ. ಮಡಕೆಯನ್ನು ಬೋರಲು ಹಾಕಿ ಸುಟ್ಟರೆ ಗಾಳಿಯಾಡದ ಒಳಭಾಗ ಮತ್ತು ಕಂಠ ಕಪ್ಪಾಗುತ್ತದೆ, ಗಾಳಿಯಾಡಿದ ಹೊರಭಾಗ ಕೆಂಪಾಗುತ್ತದೆ ಎಂದು ವಿವರಿಸಿದೆ. ಮಕ್ಕಳು ಬರೆದುಕೊಂಡರು. ಒಬ್ಬ ಹುಡುಗ ಮಾತ್ರ, ಸರ್, ಒಳಗೆ ಮಲಗುತ್ತಿದ್ದರೆ ಕಾಲು ಎಲ್ಲಿ ಚಾಚುತ್ತಿದ್ದರು ಎಂದು ಕೇಳಿದ. ಮುಕ್ಕಾಲು ಗಂಟೆ ಗೋರಿ, ಗೋರಿ ಎಂದು ಬಡಿದುಕೊಂಡ ಮೇಲೆ ಬಂದ ಪ್ರಶ್ನೆ ಇದು.

ಊಟದ ಹೊತ್ತಾಗಿತ್ತು. ಗೋರಿಯೊಳಗೆ ನೆರಳಿತ್ತು. ಹುಡುಗರು ಒಳಗೇ ಕುಳಿತು ಬುತ್ತಿ ಬಿಚ್ಚಲು ಹೊರಟರು. ಅಲ್ಲಿಯವರೆಗೆ ಬಾಯಿ ಬಿಡದೆ ಕುಳಿತಿದ್ದ ಅತ್ತೆ ಒಮ್ಮೆಲೇ ಎದ್ದು ನಿಂತರು. "ಏಳ್ರಿ ಮ್ಯಾಲೆ! ಮಂದಿ ಗೋರ‍್ಯಾಗ ಕುಂತು ಉಣ್ಣತಾರೇನು?" ಎಂದು ಗದರಿದರು. ಎಲ್ಲರೂ ಹೊರಗೆ ಬಂದರು. ಆಮೇಲೆ ಅವರು ಗಂಟು ಬಿಚ್ಚಿ, ಜೋಳದ ರೊಟ್ಟಿಯ ಒಂದು ತುಣುಕು ಮುರಿದು, ಅದರ ಮೇಲೆ ಪುಂಡಿಪಲ್ಲೆ, ಒಂದಿಷ್ಟು ಶೇಂಗಾ ಚಟ್ನಿ ಇಟ್ಟು, ಆ ದುಂಡನೆಯ ಕಿಂಡಿಯ ಕೆಳಗೆ ಎಡೆಯಿಟ್ಟರು. ತಂದಿದ್ದ ಕಾಯಿಗಳಲ್ಲಿ ಒಂದನ್ನು ಅಲ್ಲಿಯೇ ಒಡೆದರು. ಹಿರಿಯರ ಹಬ್ಬದಲ್ಲಿ ಮನೆಯಲ್ಲಿ ಎಡೆ ಹಿಡಿಯುವಾಗ ಹೇಗೆ ಸೆರಗು ಹೊದ್ದು ಬಾಗುತ್ತಾರೋ ಹಾಗೆಯೇ ಬಾಗಿದರು. "ಯಾರ ಹಿರ‍್ಯಾರೋ ಏನೋ, ಭಾಳ ದಿನ ಆಗೇತಿ ಯಾರೂ ಉಣ್ಣಾಕ ಇಟ್ಟಿಲ್ಲ" ಎಂದರು. ಮಕ್ಕಳು ಸುಮ್ಮನಾದರು. ನಾನೂ ಸುಮ್ಮನಾದೆ. ನಾವು ಹತ್ತು ಹೆಜ್ಜೆ ದೂರ ಹೋಗಿ ಹೊಂಡದ ಬದಿಗೆ ಕೂರುವಷ್ಟರಲ್ಲಿ ಮಂಗವೊಂದು ಬಂಡೆಯಿಂದ ಇಳಿದು ಬಂದು ರೊಟ್ಟಿ, ಕಾಯಿ ಎರಡನ್ನೂ ಎತ್ತಿಕೊಂಡು ಹೋಯಿತು. "ಕಾಗಿ ಬರಬೇಕಿತ್ತು, ಮಂಗ್ಯಾ ಬಂತು, ಇರಲಿ" ಎಂದ ಅತ್ತೆ ನಮಗೆ ಬಡಿಸಲು ಕುಳಿತರು. ಅಂದಿನಿಂದ ಇಂದಿನವರೆಗೆ ಆ ತರಗತಿಯ ಯಾವ ವಿದ್ಯಾರ್ಥಿ ಸಿಕ್ಕರೂ ಕಪ್ಪು-ಕೆಂಪು ಮಡಕೆಯ ವಿಷಯ ಎತ್ತುವುದಿಲ್ಲ, ಅತ್ತೆಯ ರೊಟ್ಟಿಯ ವಿಷಯವನ್ನೇ ಎತ್ತುತ್ತಾರೆ.

ಸಮಯ ಮುಗಿಯುತ್ತಿದೆ ಎಂದು ಗಾಜಿನ ಆಚೆಯಿಂದ ಸನ್ನೆ ಬರುತ್ತಿದೆ. ಉಳಿದದ್ದನ್ನು ಬೇಗ ಹೇಳುತ್ತೇನೆ. ಎತ್ತರದ ಬಂಡೆಯ ಮೇಲೆ ಅರ್ಧಗೋಳದಂತಿರುವ ಒಂದು ಕಲ್ಲು ಇದೆ, ಅದನ್ನು ನಗಾರಿ ಗುಂಡು ಎನ್ನುತ್ತಾರೆ; ಬಡಿದರೆ ನಗಾರಿಯಂತೆ ದನಿ ಕೊಡುತ್ತದೆ. ಬಳ್ಳಾರಿಯ ಸಂಗನಕಲ್ಲು ಬಳಿಯ ಕುಪ್ಗಲ್ ಗುಡ್ಡದಲ್ಲಿಯೂ ಹೀಗೆ ದನಿ ಕೊಡುವ ಬಂಡೆಗಳಿವೆ, ಆದರೆ ಅದಕ್ಕೆ ಇನ್ನೊಂದು ಭಾಷಣವೇ ಬೇಕು. ಬಂಡೆಗಳ ಆಸರೆಯಲ್ಲಿ ಕೆಂಪು ಬಣ್ಣದ ಚಿತ್ರಗಳಿವೆ. ಅವುಗಳಿಗೆ ನೀರು ಚಿಮುಕಿಸಿ ಫೋಟೋ ತೆಗೆಯುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಹಲವು ಗೋರಿಗಳ ನೆಲವನ್ನು ನಿಧಿಯ ಆಸೆಗೆ ಅಗೆದಿದ್ದಾರೆ, ಚಪ್ಪಡಿಗಳನ್ನು ಉರುಳಿಸಿದ್ದಾರೆ. ಎಲುಬು, ಮಡಕೆ, ತುಕ್ಕು ಹಿಡಿದ ಕಬ್ಬಿಣ ಇಟ್ಟ ಜಾಗದಲ್ಲಿ ಬಂಗಾರ ಹುಡುಕುವವರಿಗೆ ಏನೆನ್ನಬೇಕು? ಅವು ಮನೆಗಳಲ್ಲ, ಅರಮನೆಗಳಂತೂ ಅಲ್ಲವೇ ಅಲ್ಲ. 2021ರಲ್ಲಿ ಈ ತಾಣ ಯುನೆಸ್ಕೋದ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೆ ಸೇರಿದೆ ಎಂಬುದನ್ನಾದರೂ ನೆನಪಿಡಿ, ಚಪ್ಪಡಿಯ ಮೇಲೆ ನಿಮ್ಮ ಹೆಸರು, ನಿಮ್ಮವರ ಹೆಸರು ಕೆತ್ತಬೇಡಿ.

ಹೋಗುವುದಾದರೆ ದೀಪಾವಳಿ ಕಳೆದ ಮೇಲಿನಿಂದ ಶಿವರಾತ್ರಿಯ ಒಳಗೆ ಹೋಗಿ. ಒಬ್ಬರೇ ಹೋಗಬೇಡಿ, ಅದು ಕರಡಿ, ಚಿರತೆಗಳು ಓಡಾಡುವ ಸೀಮೆ, ದಾರಿಯೂ ಕವಲೊಡೆಯುತ್ತದೆ, ಊರಿನವರನ್ನು ಯಾರನ್ನಾದರೂ ಜೊತೆಗೆ ಕರೆದುಕೊಳ್ಳಿ, ಅವರ ದಿನದ ಕೂಲಿಯನ್ನು ಚೌಕಾಸಿ ಮಾಡದೆ ಕೊಡಿ. ಒಬ್ಬೊಬ್ಬರಿಗೂ ಕುಡಿಯಲು ಒಂದೆರಡು ಲೀಟರ್ ನೀರು ಇರಲಿ. ನಸುಕಿನಲ್ಲಿ ಹತ್ತಲು ಶುರುಮಾಡಿದರೆ ಬಿಸಿಲು ಏರಿ ಬಂಡೆಗಳು ಕಾಯುವುದರೊಳಗೆ ಇಳಿದು ಬಿಡಬಹುದು. ನಮಸ್ಕಾರ.